ಓಬಕ್ಕನ ಹೆಬ್ಬೆರಳು

ನಾನು ಈ ಊರಿಗೆ ಸೊಸೆಯಾಗಿ ಬಂದ ದಿನ, ಅಕ್ಕಿ ತುಂಬಿದ ಸೇರನ್ನು ಒದ್ದು ಒಳಗೆ ಕಾಲಿಟ್ಟ ಮೇಲೆ, ಅತ್ತೆ ನನ್ನನ್ನು ದೇವರ ಗೂಡಿನ ಮುಂದೆ ಕೂರಿಸಿ ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ಜೋಡಿಸಿ ಅರಿಸಿನ ಹಚ್ಚಿದ ಬಟ್ಟೆಯಿಂದ ಕಟ್ಟಿದರು. "ಬಿಗಿ ಆಯ್ತೇನವ್ವಾ?" ಎಂದು ಕೇಳಿದರು. ಇಲ್ಲವೆಂದೆ. "ಆಯ್ತದೆ. ಆಮೇಲೆ ಒಗ್ಗಿ ಹೋಯ್ತದೆ," ಎಂದು ಹೇಳಿ ಪಾಯಸ ಬಡಿಸಲು ಎದ್ದುಹೋದರು. ನನಗೆ ಸಿಕ್ಕ ವಿವರಣೆ ಅಷ್ಟೇ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಪಟ್ಟಿ ಕೈಯಲ್ಲಿರುವುದೇ ಮರೆತುಹೋಯಿತು. ಮುದ್ದೆ ಮುರಿಯಲು, ಸಗಣಿ ತಟ್ಟಲು, ಪೈರು ನಾಟಿ ಮಾಡಲು ಅದರಿಂದ ಏನೂ ಅಡ್ಡಿಯಿಲ್ಲ.

ಈ ಊರಿನಲ್ಲಿ ಬಿಚ್ಚಿದ ತೋರುಬೆರಳು ಚಾಚಿ ಯಾವುದನ್ನು ತೋರಿಸಿದರೂ ಅದು ತೋರಿಸಿದವರಿಂದ ಆಚೆಗೆ ಒಂದು ಗೇಣು ಸರಿಯುತ್ತದೆ. ಬಿಂದಿಗೆಯಾದರೂ ಅಷ್ಟೇ, ಎಮ್ಮೆಯಾದರೂ ಅಷ್ಟೇ, ಗಡಿಗಲ್ಲಾದರೂ ಅಷ್ಟೇ. ಆದ್ದರಿಂದ ಜನ ಗದ್ದ ಎತ್ತಿ ತೋರಿಸುತ್ತಾರೆ, ಕೆಳತುಟಿ ಮುಂದೆ ಮಾಡಿ ತೋರಿಸುತ್ತಾರೆ, ಎರಡು ಕೈಯಲ್ಲೂ ಸಾಮಾನಿದ್ದರೆ ಮೊಣಕೈ ಬಳಸುತ್ತಾರೆ. ಬಸ್ಸಿಳಿದ ಹೊಸಬರು ದಾರಿ ಕೇಳಿದರೆ ಅಂಗಡಿ ಕಟ್ಟೆಯ ಮೇಲಿದ್ದವರೆಲ್ಲ ಒಟ್ಟಿಗೆ ಗದ್ದ ಎತ್ತುತ್ತಾರೆ. ಹೊಸಬರು ಆಕಾಶ ನೋಡುತ್ತಾರೆ. ಹಾಲುಹಲ್ಲು ಬಿದ್ದ ಮಕ್ಕಳಿಗೆಲ್ಲ ಪಟ್ಟಿ ಕಟ್ಟುತ್ತಾರೆ. ಎಡಗೈಯ ಬೆರಳಿಗೆ ಆ ಗುಣವಿಲ್ಲ, ಹಾಗಾಗಿ ಅದನ್ನು ಯಾರೂ ವಿಚಾರಿಸುವುದಿಲ್ಲ.

ಪಟ್ಟಿ ಕಟ್ಟದವರು ಪಟೇಲರ ಮನೆಯ ಗಂಡಸರು ಮಾತ್ರ. ಯಾರದೋ ಪಟ್ಟಿ ಸಡಿಲವಾಗಿ, ಸಿಟ್ಟಿನಲ್ಲೋ ಮರೆವಿನಲ್ಲೋ ಒಂದು ವಸ್ತು ಸರಿದುಹೋದರೆ, ಅದನ್ನು ಮತ್ತೆ ತನ್ನ ಜಾಗಕ್ಕೆ ತರುವ ಬೆರಳು ಅವರದ್ದೊಂದೇ ಎಂಬುದು ಊರಿನ ಕಟ್ಟಳೆ. ಸರಿದದ್ದನ್ನು ಕೈಯಿಂದ ಎತ್ತಿ ಇಡಬಾರದು. ಪಟೇಲರನ್ನು ಕರೆಯಬೇಕು. ಅವರು ಬಂದಾಗ ಮನೆಮಂದಿಯೆಲ್ಲ ತಲೆ ತಗ್ಗಿಸಿ ನೆಲ ನೋಡಬೇಕು. ತಲೆ ಎತ್ತುವಷ್ಟರಲ್ಲಿ ವಸ್ತು ಸ್ವಸ್ಥಾನದಲ್ಲಿರುತ್ತದೆ. ಅದಕ್ಕೆ ಬದಲಾಗಿ ಮನೆಯಿಂದ ಒಬ್ಬರು ಪಟೇಲರ ಗದ್ದೆಯಲ್ಲಿ ಒಂದು ದಿನ ಗೆಯ್ದು ಬರಬೇಕು. ಸರಿದದ್ದು ಮನುಷ್ಯನೇ ಆದರೆ, ಪಟೇಲರು ಬರುವವರೆಗೆ ಅವನು ಸರಿದಲ್ಲೇ ಇರಬೇಕು. ನನ್ನ ಯಜಮಾನರು ಹುಡುಗರಾಗಿದ್ದಾಗ ತಮ್ಮ ಅಣ್ಣನ ಬೆರಳಿಗೆ ಸಿಕ್ಕಿ ಹಿತ್ತಲಿನಲ್ಲಿ ಮಧ್ಯಾಹ್ನವೆಲ್ಲ ಬಿಸಿಲಿಗೆ ನಿಂತಿದ್ದರಂತೆ. ಪಟೇಲರು ಉಂಡು, ಒಂದು ನಿದ್ದೆ ತೆಗೆದು, ಆಮೇಲೆ ಬಂದರಂತೆ. ಇದನ್ನು ಅವರು ನಗುತ್ತಲೇ ಹೇಳುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ತವರಿನಲ್ಲಿದ್ದಾಗ ನಾನು ಕಂಪ್ಯೂಟರ್ ಕಲಿತಿದ್ದೆ. ಅದು ಗೊತ್ತಿದ್ದ ನಮ್ಮ ಮಹಿಳಾ ಸಂಘದವರು, ತಾಲ್ಲೂಕಿನ ಕಚೇರಿಯೊಂದರಿಂದ ಮೂರು ಹಳೆಯ ಕಂಪ್ಯೂಟರ್ ತರಿಸಿ, ಖಾಲಿ ಬಿದ್ದಿದ್ದ ರೇಷ್ಮೆ ಹುಳುಮನೆಯಲ್ಲಿ ಇಟ್ಟು, "ನೋಡವ್ವಾ ಇಂದ್ರಮ್ಮ, ನಮಗೂ ಒಂದಿಷ್ಟು ಹೇಳ್ಕೊಡು," ಎಂದರು. ಸಂಘದವರು ಏಳೆಂಟು ಮಂದಿ ಬಂದರು. ಗಂಡಸರ ಪೈಕಿ ಸೋಡಾ ಅಂಗಡಿಯ ಚಂದ್ರಯ್ಯನೊಬ್ಬ. "ಹೆಂಗಸರು ಮಾತ್ರ ಅಂತ ಬೋರ್ಡು ಹಾಕಿಲ್ವಲ್ಲ," ಎಂದು ಬಾಗಿಲಲ್ಲೇ ವಾದ ಹೂಡಿ ಒಳಗೆ ಬಂದ. ಅವರೆಲ್ಲರಿಗೂ ಕುತೂಹಲ. ಓಬಕ್ಕನಿಗೆ ಮಾತ್ರ ಕುತೂಹಲವಲ್ಲ, ಗರಜು.

ಓಬಕ್ಕ ಕೆರೆಯ ನೀರುಗಂಟಿ. ಗಂಡ ಸತ್ತ ಮೇಲೆ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವ ಕೆಲಸ ಅವಳ ಪಾಲಿಗೆ ಬಂದಿತ್ತು. ಕೆರೆಯ ಕೆಳಗೆ ಮೊದಲು ಸಿಗುವುದು ಪಟೇಲರ ಮೇಲ್ಗದ್ದೆ, ಆಮೇಲೆ ನಡುಗದ್ದೆ, ತೀರ ಕೊನೆಯಲ್ಲಿ ಬಡವರ ಕೊನೆಗದ್ದೆ. ಪಟೇಲರ ಮನೆಯವರು ತಮ್ಮ ಸರದಿ ಮುಗಿದ ಮೇಲೂ ತೂಬು ತೆಗೆ ಎಂದು ಹೇಳಿಕಳಿಸಿದರೆ ಅವಳು ತೂಬಿನ ಕಲ್ಲಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂತುಬಿಡುತ್ತಿದ್ದಳು. ಎಷ್ಟೋ ಸಲ ಹಾಗೆ ಕೂತಿದ್ದಾಳೆ. ಕೊನೆಗದ್ದೆಯವರ ಮನೆಗಳಲ್ಲಿ ಒಲೆ ಹೊತ್ತುತ್ತಿದ್ದದ್ದು ಅವಳು ಹಾಗೆ ಕೂತದ್ದರಿಂದ.

ಈಗ ಇಲಾಖೆಯವರು ಹಳೆಯ ತೂಬು ತೆಗೆದು ಕರೆಂಟಿನ ಗೇಟು ಹಾಕಿದ್ದರು. ಕೆರೆ ಏರಿಯ ಮೇಲೆ ಒಂದು ಕೋಣೆ, ಕೋಣೆಯಲ್ಲಿ ಒಂದು ಕಂಪ್ಯೂಟರ್. ಅದರ ಪರದೆಯಲ್ಲಿ ಕೆರೆಯ ಚಿತ್ರ, ಗೇಟುಗಳ ಚಿತ್ರ. ಚಿತ್ರದ ಗೇಟನ್ನು ಮೇಲೆಳೆದರೆ ನಿಜದ ಗೇಟು ಮೇಲೇಳುತ್ತದೆ. ಶ್ರಾವಣದಲ್ಲಿ ಇಂಜಿನಿಯರ್ ಬರುತ್ತಾರೆ, ಅವರೆದುರು ಇದನ್ನು ನಡೆಸಿ ತೋರಿಸಿದವರಿಗೆ ಕೆಲಸ ಎಂದು ಹೇಳಿದ್ದರು. ಪಟೇಲರು ತಮ್ಮ ತಂಗಿಯ ಮಗ ಶಶಿಧರನನ್ನು ಆಗಲೇ ತಯಾರು ಮಾಡಿ ಇಟ್ಟಿದ್ದರು.

"ನಂಗೆ ಓದು ನಿಧಾನ ಕಣವ್ವ," ಎಂದಳು ಓಬಕ್ಕ ಮೊದಲನೆಯ ದಿನ. "ಬಸ್ಸಿನ ಬೋರ್ಡು ಓದೋದ್ರೊಳಗೆ ಬಸ್ಸು ಹೋಗಿರ್ತದೆ. ನನ್ನ ಕೈಲಿ ಆಯ್ತದಾ?"

"ಇದರಲ್ಲಿ ಓದೋದು ಕಮ್ಮಿ, ನೋಡೋದು ಜಾಸ್ತಿ," ಎಂದೆ. ಎಲ್ಲರನ್ನೂ ಪರದೆಯ ಮುಂದೆ ಕೂರಿಸಿಕೊಂಡೆ. "ಇದನ್ನ ಒಂದು ಮೇಜು ಅಂದ್ಕೊಳ್ಳಿ. ಮೇಜಿನ ಮೇಲೆ ಸಣ್ಣ ಸಣ್ಣ ಚಿತ್ರ ಇದಾವಲ್ಲ, ಒಂದೊಂದೂ ಒಂದೊಂದು ಬಾಗಿಲು. ತಟ್ಟಿದರೆ ತೆಗೀತದೆ. ಇಲ್ಲಿ ಒಂದು ಬಿಳೀ ಬಾಣ ಓಡಾಡ್ತಾ ಇದೆಯಲ್ಲ, ಅದೇ ನಿಮ್ಮ ಬೆರಳು. ಈ ಮೌಸು ಸರಿಸಿದ ಕಡೆಗೆ ಅದು ಹೋಗ್ತದೆ. ಯಾವುದು ಬೇಕೋ ಅದರ ಮೇಲೆ ಬಾಣ ಇಟ್ಟು ತೋರಿಸಬೇಕು."

ಬೆರಳು ಎಂದದ್ದೇ ತಡ, ಅಷ್ಟು ಮಂದಿಯ ಬಲಗೈಗಳೂ ಕಂಕುಳಿಗೆ ಹೋದವು.

"ಬಿಚ್ಚಿದ ಬೆರಳಾ?" ಚಂದ್ರಯ್ಯ ಕೇಳಿದ.

"ಚಿತ್ರದ ಬೆರಳು, ಚಂದ್ರಯ್ಯ."

"ಚಿತ್ರದ್ದೇ ಇರ್ಲಿ. ಕಟ್ಟಿಲ್ವಲ್ಲ ಅದಕ್ಕೆ!"

ಆ ವಾರವೆಲ್ಲ ನಾನು ಪಟ್ಟ ಪಾಡು ಯಾರಿಗೂ ಬೇಡ. ಮೌಸು ಹಿಡಿದರು, ಆದರೆ ಬಾಣವನ್ನು ಯಾವ ಚಿತ್ರದ ಮೇಲೂ ಹೋಗಗೊಡಲಿಲ್ಲ. ಗದ್ದೆ ಬದುವಿನ ಮೇಲೆ ನಡೆದಂತೆ ಪರದೆಯ ಅಂಚಿನಲ್ಲೇ ಸುತ್ತಿಸಿದರು. ಅಪ್ಪಿತಪ್ಪಿ ಒಂದು ಚಿತ್ರಕ್ಕೆ ತಾಗಿದರೆ ಚಂದ್ರಯ್ಯ "ತಪ್ಪಾಯ್ತು, ತಪ್ಪಾಯ್ತು," ಎಂದು ಗಲ್ಲ ಬಡಿದುಕೊಳ್ಳುತ್ತಿದ್ದ. ಒಬ್ಬಾಕೆ ಚಿತ್ರದ ಕಡೆಗೆ ತುಟಿ ಮುಂದೆ ಮಾಡಿ, ಅದು ತೆರೆಯುವುದನ್ನು ಕಾಯುತ್ತಾ ಕೂತಿದ್ದಳು. "ತೋರಿಸ್ದೆ ಕಣಮ್ಮ, ಅದಕ್ಕೇ ಕಣ್ಣಿಲ್ಲ," ಎಂದಳು.

ಭಯ ಸ್ವಲ್ಪ ಇಳಿದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಮೌಸಿಗೆ ಎರಡು ಗುಂಡಿ. ಎಡದ್ದನ್ನು ಒತ್ತಿದರೆ ಬಾಗಿಲು ತೆರೆಯುತ್ತದೆ, ಬಲದ್ದನ್ನು ಒತ್ತಿದರೆ ಏನೇನು ಮಾಡಬಹುದೆಂಬ ಸಾಲು ಕೆಳಗೆ ಬಿಚ್ಚಿಕೊಳ್ಳುತ್ತದೆ. ಇವರ ಬೆರಳೆರಡೂ ಒಟ್ಟಿಗೆ ಕಟ್ಟಿವೆ. ಒತ್ತಿದರೆ ಎರಡೂ ಗುಂಡಿ ಒಟ್ಟಿಗೆ ಒತ್ತುತ್ತವೆ. ನನಗಿದು ಹೊಳೆದಿರಲೇ ಇಲ್ಲ. ತವರಿನಲ್ಲಿ ಬಿಚ್ಚಿದ ಬೆರಳಿನಲ್ಲಿ ಕಲಿತವಳು ನಾನು. ಈಗಲೂ ಮೌಸು ಹಿಡಿದಾಗ ಯಾರೂ ಕಾಣದಂತೆ ಪಟ್ಟಿ ಸಡಿಲ ಮಾಡಿಕೊಳ್ಳುತ್ತಿದ್ದೆ. ತಟ್ಟಿದಾಗಲೆಲ್ಲ ಸಾಲು ಬಿಚ್ಚಿಕೊಂಡು, "ಇದೇನವ್ವ, ಕೇಳಿದ್ದು ಕೊಡೋದು ಬಿಟ್ಟು ನೂರೆಂಟು ಪ್ರಶ್ನೆ ಕೇಳ್ತದೆ, ನಮ್ಮತ್ತೆ ಇದ್ದಂಗೆ ಐತೆ," ಎಂದು ಅವರು ನಕ್ಕರು. ಚಂದ್ರಯ್ಯ ಎಡಗೈಯಲ್ಲಿ ಹಿಡಿದು ನೋಡಿದ. ಬಾಣ ಹೆಂಡ ಕುಡಿದವನಂತೆ ಓಲಾಡಿತು.

"ಪಟ್ಟಿ ಬಿಚ್ಚಿಬಿಡಿ, ಒಳಗೆ ಯಾರೂ ನೋಡಲ್ಲ," ಎಂದೆ.

"ಬಿಚ್ಚಲ್ಲ," ಎಂದಳು ಓಬಕ್ಕ. "ಬಿಚ್ಚಿ ಕಲಿತ್ರೆ ಏರಿ ಮೇಲೂ ಬಿಚ್ಚಬೇಕಾಯ್ತದೆ. ಅಲ್ಲಿ ಆ ಪಟೇಲಪ್ಪ ನಿಂತಿರ್ತಾನೆ. ಕಟ್ಟಳೆ ಮುರಿದಳು ಅಂತ ಒಂದು ಮಾತು ಅಂದ್ರೆ ನನ್ನ ಕೆಲಸ ಹೋಯ್ತು." ಅವಳು ಕೈಯನ್ನು ಓರೆ ಮಾಡಿದಳು. ಕಟ್ಟಿದ ಬೆರಳುಗಳನ್ನು ಮೌಸಿನ ಪಕ್ಕಕ್ಕೆ ಇಳಿಬಿಟ್ಟು, ಹೆಬ್ಬೆರಳನ್ನು ಎಡ ಗುಂಡಿಯ ಮೇಲೆ ತಂದಳು. ಒತ್ತಿದಳು. ಚಿತ್ರ ತೆರೆದುಕೊಂಡಿತು. "ಹ್ಞಾಂ. ಹೇನು ಕುಕ್ಕೋದು ಇದರಲ್ಲೇ ಅಲ್ವಾ," ಎಂದಳು. ಮಾರನೆಯ ದಿನಕ್ಕೆ ಎಲ್ಲರೂ ಕೈ ಓರೆ ಮಾಡಿ ಹೆಬ್ಬೆರಳಿನಲ್ಲೇ ಒತ್ತುತ್ತಿದ್ದರು. ನಾನೂ ನನ್ನ ಪಟ್ಟಿ ಬಿಗಿ ಮಾಡಿ ಅದನ್ನೇ ಕಲಿತೆ.

ಆಮೇಲೆ ಪಾಠ ಓಡಿತು. ಒಂದರ ಮೇಲೊಂದು ಕಿಟಕಿ ತೆರೆದಾಗ ಕೆಳಗಿನದು ಸತ್ತುಹೋಯಿತೆಂದು ಗಾಬರಿಯಾದರು. ಚಾಪೆಯ ಮೇಲೆ ಚಾಪೆ ಹಾಸಿದರೆ ಕೆಳಗಿನ ಚಾಪೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ, ಗೊತ್ತಾಯಿತು. ಮೂಲೆಯ ಗುಣಾಕಾರದ ಗುರುತು ಒತ್ತಿದರೆ ಚಾಪೆ ಸುತ್ತಿ ಎತ್ತಿಟ್ಟಂತೆ. ಅಡ್ಡಗೀಟು ಒತ್ತಿದರೆ ಕಿಟಕಿ ಕೆಳಗಿನ ಅಂಚಿನಲ್ಲಿ ಮುದುರಿ ಕೂತಿರುತ್ತದೆ, ಕರೆದರೆ ಮೇಲೆ ಬರುತ್ತದೆ. ಒಂದು ಚಿತ್ರದ ಮೇಲೆ ಹೆಬ್ಬೆರಳು ಅಮುಕಿ ಹಿಡಿದು ಎಳೆದರೆ ಚಿತ್ರ ಹಿಂದೆಯೇ ಬರುತ್ತದೆ, ಬಿಟ್ಟಲ್ಲಿ ಕೂರುತ್ತದೆ. ಹೊರಗಿನ ಊರಿನವರಿಗೆ ಇದನ್ನು ಕಲಿಸುವುದು ಕಷ್ಟ. ಇವರಿಗೆ ಹೇಳಲೇ ಬೇಕಾಗಲಿಲ್ಲ. ತೋರಿಸಿದ್ದು ಸರಿಯುತ್ತದೆ, ಅದು ಇವರಿಗೆ ಹುಟ್ಟಿನಿಂದ ಗೊತ್ತು. ಅವರಿಗೆ ಬೇಕಾಗಿದ್ದದ್ದು ಬೇರೆಯೇ ಆಗಿತ್ತು.

"ಸರಿದದ್ದು ವಾಪಸ್ ಬರ್ತದಾ?" ಓಬಕ್ಕ ಕೇಳಿದಳು.

"ಬರ್ತದೆ. ಇಲ್ಲಿ ನೋಡು, ಹಿಂದಕ್ಕೆ ಬಾಗಿದ ಬಾಣದ ಚಿತ್ರ. ಇದನ್ನ ಒತ್ತಿದರೆ ಈಗ ಮಾಡಿದ್ದು ಇಲ್ಲ ಅಂತಾಯ್ತು. ಅದು ಎಲ್ಲಿತ್ತೋ ಅಲ್ಲಿಗೆ."

"ಯಾರು ಒತ್ತಬೇಕು?"

ಪ್ರಶ್ನೆ ನನಗೆ ತಟ್ಟನೆ ಅರ್ಥವಾಗಲಿಲ್ಲ. "ಯಾರು ಅಂದ್ರೆ? ಸರಿಸಿದವರೇ. ನೀನೇ."

"ನಾನೇ ಸರಿಸಿ, ನಾನೇ ವಾಪಸ್ ತರೋದಾ?"

"ಹ್ಞೂ. ಎಸೆದಿದ್ದೂ ಅಷ್ಟೇ. ಈ ಮೂಲೇಲಿ ಕಸದ ಬುಟ್ಟಿ ಇದೆಯಲ್ಲ, ಇದು ತಿಪ್ಪೆ. ತಿಪ್ಪೆಗೆ ಹೋದ ಚಮಚ ಕೆದಕಿದರೆ ಸಿಗಲ್ವಾ, ಹಾಗೆ."

ಅವಳು ಆವತ್ತು ಮನೆಗೆ ಹೋಗಲೇ ಇಲ್ಲವೆನ್ನಬೇಕು. ಒಂದು ಚಿತ್ರವನ್ನು ತಿಪ್ಪೆಗೆ ಹಾಕುವಳು, ತೆಗೆಯುವಳು. ಸರಿಸುವಳು, ಹಿಂದಕ್ಕೆ ತರುವಳು. ಮಿಕ್ಕವರು ಅವಳ ಹಿಂದೆ ನಿಂತು ನೋಡುತ್ತಿದ್ದರು. ಕೊನೆಗೆ ಚಂದ್ರಯ್ಯ, "ಒಂದು ದಿನದ ಗೇಯ್ಮೆನೂ ಇಲ್ದೆ," ಎಂದ. ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

ಆ ಮಾತು ಹೊರಗೆ ಹೋಗದೆ ಇರುತ್ತದೆಯೇ? ಪಟೇಲ ಗಂಗಣ್ಣನವರು ಹುಳುಮನೆಗೇ ಬಂದರು. ಶಶಿಧರ ಹಿಂದೆ. ಒಳಗಿದ್ದವರೆಲ್ಲ ಎದ್ದು ನಿಂತರು. ಓಬಕ್ಕ ಮಾತ್ರ ಕಾಣಲಿಲ್ಲ. ಸಡಿಲವಾಗಿದ್ದ ವೈರು ಸಿಕ್ಕಿಸಲು ಮೇಜಿನ ಕೆಳಗೆ ತೂರಿದ್ದಳು.

"ಏನಮ್ಮ, ಇಲ್ಲಿ ತೋರಿಸೋದು ಕಲಿಸ್ತಾ ಇದ್ದೀಯಂತೆ?" ಎಂದರು ನನ್ನನ್ನು.

"ಕಂಪ್ಯೂಟರ್ ಕಲಿಸ್ತಾ ಇದ್ದೀನಿ, ಪಟೇಲ್ರೆ."

"ಆ ಬಾಣ ಏನು ಹಾಗಾದ್ರೆ? ತೆಗೆದುಹಾಕು ಅದನ್ನ. ಅಕ್ಷರದ ಗುಂಡಿ ಇದಾವಲ್ಲ, ಅದರಲ್ಲಿ ಕಲಿಸು. ನಮ್ಮ ಶಶಿ ಹಾಗೇ ಕಲ್ತಿದ್ದು."

"ಹಂಗೆ ಕಲೀಬೇಕಾದ್ರೆ ಇಂಗ್ಲಿಷಿನಲ್ಲಿ ಒಂದೊಂದು ಅಪ್ಪಣೆನೂ ಬಾಯಿಪಾಠ ಮಾಡಬೇಕು. ಒಂದು ಅಕ್ಷರ ತಪ್ಪಿದರೂ ಅದು ಕೇಳಲ್ಲ. ಕಣ್ಣಿಗೆ ಕಾಣೋದನ್ನ ತೋರಿಸಿ ತಗೊಳ್ಳಲಿ ಅಂತಾನೇ ಈ ಚಿತ್ರ ಮಾಡಿರೋದು. ಬಾಣ ತೆಗೆಯೋಕೆ ಬರಲ್ಲ."

"ಬರಲ್ವಾ? ನೋಡ್ತೀನಿ," ಎಂದು ಅವರು ತಮ್ಮ ಉಂಗುರ ತೊಟ್ಟ ತೋರುಬೆರಳೆತ್ತಿ, ಪರದೆಯಲ್ಲಿದ್ದ ಬಾಣಕ್ಕೆ ಗುರಿಯಿಟ್ಟು ತೋರಿಸಿದರು.

ಬಾಣ ಅಲುಗಲಿಲ್ಲ. ಆ ದೊಡ್ಡ ಪೆಟ್ಟಿಗೆಯಂಥ ಪರದೆಯೇ ಮೇಜಿನ ಮೇಲೆ ಗೇಣು ದೂರ ಹಿಂದಕ್ಕೆ ಜಾರಿ, ವೈರು ಕಿತ್ತುಬಂದು ಕಪ್ಪಾಯಿತು. ಮೇಜಿನ ಕೆಳಗಿನಿಂದ "ಅಯ್ಯೋ, ಈಗ ತಾನೆ ಸಿಕ್ಕಿಸ್ದೆ!" ಎಂದು ಓಬಕ್ಕನ ದನಿ ಬಂತು. ಎಲ್ಲರಿಗೂ ನಗು ಒತ್ತರಿಸಿ ಬಂದು, ತಡೆದುಕೊಳ್ಳುವುದಕ್ಕೆ ಅನುಕೂಲವೇ ಆಯಿತೆಂಬಂತೆ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಪಟೇಲರ ಚಪ್ಪಲಿಯ ಸದ್ದು ಕೇಳಿತು, ನಿಂತಿತು. ತಲೆಯೆತ್ತಿದಾಗ ಪರದೆ ಮೊದಲಿನ ಜಾಗದಲ್ಲಿತ್ತು. ಅಭ್ಯಾಸಬಲ, ಚಂದ್ರಯ್ಯ ಕೈ ಮುಗಿದುಬಿಟ್ಟ.

ಬಾಗಿಲಲ್ಲಿ ನಿಂತು ಪಟೇಲರು ಹೇಳಿದರು: "ನಾಳೆಯಿಂದ ಈ ಮೌಸು ಮುಟ್ಟಿದವರ ಮನೆಗೆ ನಮ್ಮ ಮನೆಯವರು ಯಾರೂ ಬರಲ್ಲ. ಏನು ಸರಿದರೂ ಸರಿದಲ್ಲೇ ಬಿದ್ದಿರಲಿ. ಬೇಕಾದ್ರೆ ಇವಳನ್ನೇ ಕರ್ಕೊಂಡು ಹೋಗಿ ಸರಿಮಾಡಿಸ್ಕೊಳ್ಳಿ."

ಮಾರನೆಯ ದಿನ ಬೆಳಗ್ಗೆ ಹುಳುಮನೆಗೆ ಯಾರೂ ಬರಲಿಲ್ಲ. ಮನೆಯಲ್ಲಿ ಯಜಮಾನರು, "ಸ್ವಲ್ಪ ದಿನ ಬೀಗ ಹಾಕಿಬಿಡೆ. ಆಮೇಲೆ ನೋಡಿದರಾಯ್ತು," ಎಂದರು. "ಬೀಗ ಸಂಘದ್ದು," ಎಂದೆ ನಾನು. "ಹಾಕ್ಬೇಕಾದ್ರೆ ಸಂಘದವರು ಹಾಕ್ಲಿ. ಅಲ್ಲೀವರೆಗೂ ಯಾರು ಬರಲಿ ಬಿಡಲಿ, ಬಾಗಿಲು ತೆಗೆದು ಕೂತಿರ್ತೀನಿ." ಅವರು ಏನೋ ಹೇಳಲು ಬಾಯಿ ತೆರೆದರು. "ನಿಮ್ಮನ್ನ ಹಿತ್ತಲಲ್ಲಿ ನಿಲ್ಲಿಸಿ ಹೋಗಿ ಮಲಗಿದ್ರಲ್ಲ, ಅವರ ಮಾತಿಗಾ ನಾನು ಬೀಗ ಹಾಕೋದು?" ಎಂದು ಕೇಳಿದೆ. ಆವತ್ತು ಮಧ್ಯಾಹ್ನ ಹುಳುಮನೆಗೆ ಬುತ್ತಿ ತಂದುಕೊಟ್ಟವರು ಅವರೇ.

ಬುತ್ತಿ ಬಿಚ್ಚುವ ಹೊತ್ತಿಗೆ ಓಬಕ್ಕ ಬಂದಳು. ಸುತ್ತ ನೋಡಿ, ಬಾಗಿಲು ಮುಂದೆ ಮಾಡಿ, ನನ್ನ ಪಕ್ಕ ಕೂತಳು.

"ಇಂದ್ರವ್ವ, ಆಯಪ್ಪ ಪರದೆ ಎಂಗೆ ಸರಿ ಮಾಡ್ದ ಗೊತ್ತಾ?"

"ನಾನೆಲ್ಲಿ ನೋಡ್ದೆ. ತಲೆ ತಗ್ಗಿಸಿದ್ದೆ."

"ನಾನು ಕೆಳಗಿದ್ನಲ್ಲ, ಕಾಲು ಕಾಣಿಸ್ತು. ಮೇಜು ಬಳಸ್ಕೊಂಡು ಆ ಕಡೆಗೆ ಹೋದ. ಆ ಕಡೆ ನಿಂತ್ಕೊಂಡು ತೋರಿಸ್ದ. ಅಷ್ಟೇ ಕಣವ್ವ! ಮಂತ್ರ ಇಲ್ಲ, ಮಾಯ ಇಲ್ಲ. ಈ ಕಡೆಯಿಂದ ತೋರಿಸಿದ್ರೆ ಆ ಕಡೆಗೆ ಹೋಯ್ತದೆ, ಆ ಕಡೆಯಿಂದ ತೋರಿಸಿದ್ರೆ ಈ ಕಡೆಗೆ ಬರ್ತದೆ. ನಿನ್ನ ಬಾಗಿದ ಬಾಣ ಇದ್ದಂಗೆ."

"ಅದು ಅವರ ಬೆರಳಾದ್ದರಿಂದ..."

"ಬೆಳಗ್ಗೆ ಮನೇಲಿ ಪಟ್ಟಿ ಬಿಚ್ಚಿ ನೋಡ್ದೆ," ಎಂದಳು. "ಒರಳುಕಲ್ಲು. ಹೋಯ್ತು. ಆ ಕಡೆಗೆ ಹೋಗಿ ತೋರಿಸ್ದೆ. ಬಂತು. ಮತ್ತೆ ಕಳಿಸ್ದೆ, ಮತ್ತೆ ಕರೆದೆ. ಆಮೇಲೆ ಪಟ್ಟಿ ಕಟ್ಕೊಂಡು ಕುಂತು ಅತ್ತುಬಿಟ್ಟೆ." ಅವಳ ದನಿಯಲ್ಲಿ ಅಳುವೇನೂ ಇರಲಿಲ್ಲ. "ನಮ್ಮಪ್ಪ ಸಾಯೋಕೆ ಒಂದು ವಾರ ಮುಂಚೆನೂ ಆ ಮನೆ ಗದ್ದೇಲಿ ಗೆಯ್ದ ಕಣವ್ವ. ಕೊಟ್ಟಿಗೇಲಿದ್ದ ಎಮ್ಮೆಕರ ಗೇಣು ಸರೀತು ಅಂತ."

ನಾನು ಬುತ್ತಿಯನ್ನು ಅವಳ ಮುಂದೆ ಸರಿಸಿದೆ. ಅವಳು ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡು, "ಬಾ, ಗೇಟಿನ ಪಾಠ ಹೇಳು," ಎಂದಳು.

ಇಲಾಖೆಯವರು ಕೊಟ್ಟಿದ್ದ ಗೇಟಿನ ಚಿತ್ರದ ನಕಲು ನನ್ನ ಹತ್ತಿರವೂ ಇತ್ತು. ನೀಲಿ ಕೆರೆ, ಅದರಡಿಗೆ ಮೂರು ಗೇಟು, ಮೂರು ಕಾಲುವೆ. ಒಂದೊಂದು ಗೇಟಿನ ಪಕ್ಕದಲ್ಲೂ ಮೆಟ್ಟಿಲಂಥ ಗೆರೆಗಳು, ಮೂಲೆಯಲ್ಲಿ ಅದೇ ಹಿಂದಕ್ಕೆ ಬಾಗಿದ ಬಾಣ. ಗೇಟನ್ನು ಹೆಬ್ಬೆರಳಿನಿಂದ ಅಮುಕಿ ಹಿಡಿದು ಎಷ್ಟು ಗೆರೆ ಮೇಲೆಳೆದರೆ ಅಷ್ಟು ನೀರು. ಓಬಕ್ಕ ಅದನ್ನು ಎಳೆದೂ ಎಳೆದೂ ನುಣ್ಣಗೆ ಮಾಡಿದಳು. ಒಂದೆರಡು ದಿನವಾದ ಮೇಲೆ ಚಂದ್ರಯ್ಯ ಸೋಡಾ ಕೊಡುವ ನೆಪದಲ್ಲಿ ಬಂದ. ಆಮೇಲೆ ಇನ್ನೊಬ್ಬಾಕೆ ಬಂದಳು. ಓಬಕ್ಕ ಒರಳಿನ ಸುದ್ದಿ ಅವರಿಗೂ ಹೇಳಿರಬೇಕು. ಅವರ ಮುಖ ಬದಲಾಗಿತ್ತು. ಆದರೆ ಹೊರಗೆ ಯಾರೂ ತುಟಿ ಬಿಚ್ಚಲಿಲ್ಲ.

ಇಂಜಿನಿಯರ್ ಬಂದ ದಿನ ಏರಿಯ ಮೇಲೆ ಜನವೋ ಜನ. ಕೊನೆಗದ್ದೆಯವರೆಲ್ಲ ಬಂದಿದ್ದರು. ಅವರ ಸಸಿಮಡಿಗಳು ನೀರಿಗೆ ಕಾದು ಹಳದಿ ತಿರುಗುತ್ತಿದ್ದವು. ಕೋಣೆಯೊಳಗೆ ಪಟೇಲರಿಗೆ ಕುರ್ಚಿ ಹಾಕಿದ್ದರು. ಇಂಜಿನಿಯರ್ ವಯಸ್ಸಿನಲ್ಲಿ ಚಿಕ್ಕವರು, ಎಲ್ಲರ ಬೆರಳಿನ ಪಟ್ಟಿ ನೋಡಿ, "ಏನ್ರೀ, ಊರಿಗೆಲ್ಲ ಗಾಯ ಆಗಿದೆಯಾ?" ಎಂದು ಕೇಳಿದರು. ಒಬ್ಬಿಬ್ಬರು ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡರು.

ಮೊದಲು ಶಶಿಧರ ಕೂತ. ಚೆನ್ನಾಗಿಯೇ ಮಾಡಿದ, ಸುಳ್ಳೇಕೆ ಹೇಳಲಿ. ಅಕ್ಷರದ ಗುಂಡಿಗಳನ್ನೊತ್ತಿ ಮೇಲ್ಗದ್ದೆಯ ಗೇಟು ಎತ್ತಿ ಇಳಿಸಿದ. ಪಟೇಲರು ಮೀಸೆ ನೀವಿಕೊಂಡರು. "ಇನ್ಯಾಕೆ ಸಾರ್, ಮುಗೀತಲ್ಲ," ಎಂದರು. "ಇನ್ನೊಬ್ಬರು ಹೆಸರು ಕೊಟ್ಟಿದಾರಲ್ಲ, ನೋಡೋಣ," ಎಂದರು ಇಂಜಿನಿಯರ್.

ಓಬಕ್ಕ ಸ್ಟೂಲಿನ ಮೇಲೆ ಕೂತಳು. ನಾನು ಅವಳ ಹಿಂದೆ ನಿಂತಿದ್ದೆ. ಅವಳು ಕೈ ಓರೆ ಮಾಡಿ ಮೌಸು ಹಿಡಿದಳು. ಬಾಣ ಅಳುಕದೆ ನೇರವಾಗಿ ಕೊನೆಗದ್ದೆಯ ಗೇಟಿನ ಮೇಲೆ ಹೋಗಿ ನಿಂತಿತು.

"ಬಾಣ ಇಟ್ಟು ತೋರಿಸ್ತಾ ಇದಾಳೆ, ನೋಡ್ರಪ್ಪ," ಎಂದರು ಪಟೇಲರು, ಕಿಟಕಿಯಾಚೆಗಿದ್ದವರಿಗೂ ಕೇಳುವಂತೆ. "ಕಟ್ಟಳೆ ಇದೆಯಾ ಊರಲ್ಲಿ?"

ಓಬಕ್ಕ ತಿರುಗದೆಯೇ ಎಡಗೈಯಿಂದ ತನ್ನ ಬಲಗೈಯ ಪಟ್ಟಿಯನ್ನು ಮುಟ್ಟಿದಳು. "ನನ್ನ ಬೆರಳು ಕಟ್ಟೇ ಐತೆ, ಪಟೇಲ್ರೆ. ಬಿಚ್ಚಿರೋದು ನಿಮ್ಮದು."

ಕಿಟಕಿಯಾಚೆ ಯಾರೋ ಸಣ್ಣಗೆ ಸಿಳ್ಳೆ ಹಾಕಿದರು. ಓಬಕ್ಕ ಹೆಬ್ಬೆರಳು ಅಮುಕಿ ಗೇಟನ್ನು ಮೇಲಕ್ಕೆಳೆದಳು. ಒಂದು ಗೆರೆ. ಹೊರಗೆ ಕಬ್ಬಿಣ ನರಳಿದ ಸದ್ದು, ನೀರು ಬಾಯಿಬಿಟ್ಟ ಸದ್ದು. ಎರಡನೆಯ ಗೆರೆಗೆ ಬರುತ್ತಿದ್ದಾಗ ಪಟೇಲರು ಕುರ್ಚಿಯಿಂದೆದ್ದು, ಬೆರಳು ಚಾಚಿ, ಅವಳನ್ನು ತೋರಿಸಿದರು.

ಸ್ಟೂಲು ಇದ್ದಲ್ಲೇ ಇತ್ತು. ಓಬಕ್ಕ ಅದರ ಅಂಚಿನಿಂದಾಚೆಗೆ ಸರಿದು ನೆಲಕ್ಕೆ ಕುಸಿದಳು. ಕೈಯಲ್ಲಿದ್ದ ಮೌಸು ಅವಳ ಜೊತೆಗೇ ಎಳೆದುಕೊಂಡು ಹೋಯಿತು. ಪರದೆಯ ಮೇಲೆ ಕೊನೆಗದ್ದೆಯ ಗೇಟು ಸರ್ರನೆ ಮೇಲಿನ ಗೆರೆಯವರೆಗೂ ಏರಿತು. ಹೊರಗೆ ನೀರು ಭೋರೆಂದಿತು. "ಕಾಲುವೆ ಒಡೀತದೆ! ಮಡಿ ಕೊಚ್ಕೊಂಡು ಹೋಯ್ತವೆ!" ಎಂದು ಕೊನೆಗದ್ದೆಯವರು ಕೂಗಿಕೊಂಡರು.

"ಯಾಕೆ ಬಿದ್ರಿ? ಸ್ಟೂಲು ಸರಿ ಇಲ್ವಾ?" ಇಂಜಿನಿಯರ್ ಎದ್ದು ನಿಂತರು.

"ಸರಿದಿದಾಳೆ," ಎಂದರು ಪಟೇಲರು, ಕೈ ಕಟ್ಟಿಕೊಂಡು. "ಅಲ್ಲೇ ಇರು. ನಾನು ಸರಿಮಾಡೋವರೆಗೂ ಏಳೋ ಹಾಗಿಲ್ಲ. ಶಶಿ, ನೀನು ಕೂತ್ಕೊಂಡು ಗೇಟು ಇಳಿಸು."

ಶಶಿಧರ ಸ್ಟೂಲಿನತ್ತ ಬಂದ. ಕೋಣೆಯಲ್ಲಿದ್ದ ಊರಿನವರು ಯಾರೂ ಅಲುಗಲಿಲ್ಲ. ಅಲುಗುವುದು ಅವರಿಗೆ ಗೊತ್ತಿರಲಿಲ್ಲ. ಸರಿದ ಮನುಷ್ಯ ತಾನಾಗಿ ಎದ್ದುಬಂದದ್ದನ್ನು ಈ ಊರಿನಲ್ಲಿ ಇದುವರೆಗೆ ಯಾರೂ ನೋಡಿದವರಿಲ್ಲ.

ಓಬಕ್ಕ ನನ್ನತ್ತ ಎಡಗೈ ನೀಡಿದಳು. ಹಿಡಿದು ಎಬ್ಬಿಸಿದೆ. ಸೊಂಟ ನೊಂದಿತ್ತು, ಮುಖ ಕಿವುಚಿಕೊಂಡೇ ಎದ್ದಳು. "ಎದ್ದೇಳಪ್ಪ, ಅದು ನನ್ನ ಜಾಗ," ಎಂದಳು, ಅರ್ಧ ಕೂತಿದ್ದ ಶಶಿಧರನಿಗೆ. ಅವನು ಮಾವನ ಮುಖ ನೋಡಿದ, ಇವಳ ಮುಖ ನೋಡಿದ, ಎದ್ದು ಪಕ್ಕಕ್ಕೆ ನಿಂತ.

"ಏಯ್! ನಾನು ಇನ್ನೂ..."

"ಗೇಣು ದೂರ, ಪಟೇಲ್ರೆ. ನನಗೆ ಕಾಲೈತೆ," ಎಂದಳು ಓಬಕ್ಕ. ಕೂತಳು. ಮೌಸನ್ನು ಎತ್ತಿ ಮೇಜಿನ ಮೇಲಿಟ್ಟು, ಕೈ ಓರೆ ಮಾಡಿ, ಬಾಣವನ್ನು ಹಿಂದಕ್ಕೆ ಬಾಗಿದ ಗುರುತಿನ ಮೇಲೆ ತಂದು ಹೆಬ್ಬೆರಳು ಒತ್ತಿದಳು. ಗೇಟು ಇಳಿಯಿತು. ಹೊರಗಿನ ಭೋರ್ಗರೆತ ತಗ್ಗಿತು. ಅವಳು ಉಸಿರು ಬಿಟ್ಟು, ಈ ಸಲ ನಿಧಾನವಾಗಿ, ಮತ್ತೆ ಗೇಟನ್ನು ಹಿಡಿದಳು. ಒಂದು ಗೆರೆ, ಎರಡು ಗೆರೆ. ಬಿಟ್ಟಳು. ನೀರು ಕಾಲುವೆಯಲ್ಲಿ ಮಟ್ಟಸವಾಗಿ ಹರಿಯತೊಡಗಿತು.

ಕಿಟಕಿಯಾಚೆಗಿದ್ದವರು ಕಾಲುವೆಯ ಬದಿಯಲ್ಲಿ ನೀರಿನ ಜೊತೆಗೇ ಓಡಿದರು.

ಇಂಜಿನಿಯರ್ ಕಿಟಕಿಯಲ್ಲಿ ತಲೆ ಹಾಕಿ ನೋಡಿ ಬಂದರು. ಅವರಿಗೆ ಏನು ನಡೆಯಿತೆಂದು ಪೂರ್ತಿ ತಿಳಿದಿರಲಿಲ್ಲ. "ಗೇಟು ಎತ್ತೋದು ಇಬ್ಬರಿಗೂ ಬರ್ತದೆ," ಎಂದರು. "ಕೈ ತಪ್ಪಿದಾಗ ಏನು ಮಾಡ್ತೀರಿ ಅಂತ ಕೊನೇಲಿ ಕೇಳೋಣ ಅಂದ್ಕೊಂಡಿದ್ದೆ. ನಾನು ಕೇಳೋಕೆ ಮುಂಚೆನೇ ಇವರು ಮಾಡಿ ತೋರಿಸಿದ್ರು. ಇವರೇ ಇರಲಿ." ಅವರು ಕೋಣೆಯ ಕೀಲಿಯನ್ನು ಮೇಜಿನ ಮೇಲಿಟ್ಟರು.

ಪಟೇಲರ ಮುಖ ಕೆಂಪಾಗಿತ್ತು. "ನಾಳೆ ನಿನ್ನ ಮನೇಲಿ ಏನಾದ್ರೂ ಸರಿದ್ರೆ ಯಾರನ್ನ ಕರೀತೀಯ? ಹೇಳು. ಇಡೀ ಊರಿಗೇ ಹೇಳು," ಎಂದು ಮತ್ತೆ ಬೆರಳೆತ್ತಿದರು. ಆ ಬೆರಳು ಅತ್ತಿತ್ತ ತಿರುಗಿತು; ನನ್ನ ಕಡೆ, ಚಂದ್ರಯ್ಯನ ಕಡೆ, ಬಾಗಿಲಲ್ಲಿ ನಿಂತಿದ್ದ ನನ್ನ ಯಜಮಾನರ ಕಡೆ. ಯಾರ ಮೇಲೂ ನಿಲ್ಲಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಆ ಬೆರಳನ್ನೇ ನೋಡುತ್ತಿದ್ದರು. ಒಬ್ಬರೂ ನೆಲ ನೋಡಲಿಲ್ಲ. ನನ್ನ ಯಜಮಾನರು ಒಂದು ಹೆಜ್ಜೆ ಮುಂದೆ ಬಂದು, "ತೋರಿಸಿ ಪಟೇಲ್ರೆ," ಎಂದರು. "ಸರಿದ್ರೆ ನಡ್ಕೊಂಡು ಬರ್ತೀನಿ."

ಓಬಕ್ಕ ಇದ್ಯಾವುದಕ್ಕೂ ತಿರುಗಿರಲಿಲ್ಲ. ಪರದೆಯ ಮೇಲಿನ ನೀಲಿ ಕಾಲುವೆಯನ್ನೇ ನೋಡುತ್ತಾ, ಸೊಂಟ ನೀವಿಕೊಳ್ಳುತ್ತಾ ಹೇಳಿದಳು: "ಇವತ್ತು ಕೊನೆಗದ್ದೆ. ನಾಳೆ ನಡುಗದ್ದೆ. ನಾಡಿದ್ದು ನಿಮ್ಮದು, ಪಟೇಲ್ರೆ. ಬೆಳಗ್ಗೆ ಹೊತ್ತಾರೆನೇ ಬದು ಸರಿಮಾಡ್ಕೊಂಡು ಆಳು ಕಳಿಸಿ. ತಡ ಮಾಡಿದ್ರೆ ನಾನು ಮುಂದಿನೋರಿಗೆ ಬಿಟ್ಬಿಡ್ತೀನಿ."